ಬಿಎಸ್ಸಿ ಅಗ್ರಿನಾ, ಡಿಪ್ಲೊಮಾನಾ, ತರಬೇತಿನಾ? ಸೀಟು ಹಿಡಿಯುವ ಮುಂಚೆ ನೋಡಬೇಕಾದ ಲೆಕ್ಕ

ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ಈ ಪ್ರಶ್ನೆ ಶುರುವಾಗುತ್ತದೆ. "ಮಗನಿಗೆ ಅಗ್ರಿ ಕೊಡಿಸೋಣ ಅಂತಿದೀವಿ, ಹೆಂಗೆ?" ಕೇಳುವವರು ಮದ್ದೂರಿನವರಿರಬಹುದು, ಕೆ.ಆರ್. ಪೇಟೆಯವರಿರಬಹುದು, ತಿ. ನರಸೀಪುರದವರಿರಬಹುದು. ಪ್ರಶ್ನೆ ಒಂದೇ, ಮನೆಗಳು ಬೇರೆ ಬೇರೆ. ಒಬ್ಬರಿಗೆ ನಾಲೆ ಬಯಲಲ್ಲಿ ಎಂಟು ಎಕರೆ ಇದೆ, ನೋಡಿಕೊಳ್ಳುವವರಿಲ್ಲ. ಇನ್ನೊಬ್ಬರಿಗೆ ಎರಡು ಎಕರೆ, ನಾಲ್ಕು ಹಸು, ಸೊಸೈಟಿ ಸಾಲ. ಮಗಳು ಸಂಬಳ ತಂದರೆ ಸಾಕು ಅನ್ನುವ ಆಸೆ. ಮತ್ತೊಬ್ಬರಿಗೆ ಜಮೀನೇ ಇಲ್ಲ, ಗೊಬ್ಬರದ ಅಂಗಡಿ ಇದೆ. ಇವರಿಗೆಲ್ಲ ಒಂದೇ ಉತ್ತರ ಕೊಟ್ಟರೆ ಮೂವರಲ್ಲಿ ಇಬ್ಬರಿಗೆ ಅನ್ಯಾಯ ಮಾಡಿದ ಹಾಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಿಎಸ್ಸಿ ಅಗ್ರಿ ಒಳ್ಳೆಯ ಕೋರ್ಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಮುಖ್ಯವಾಗಿ ಕೆಲಸಕ್ಕೆ ಹೋಗುವವರ ಓದು. ಜಮೀನು ಮಾಡಿಯೇ ಬದುಕುತ್ತೇನೆ ಅನ್ನುವ ಹುಡುಗನಿಗೆ ಅದೇ ಬೇಕು ಅಂತೇನಿಲ್ಲ. ಕೆಲವೊಮ್ಮೆ ಎರಡು ವರ್ಷದ ಡಿಪ್ಲೊಮಾ, ಕೆಲವೊಮ್ಮೆ ಹತ್ತು ತಿಂಗಳ ತೋಟಗಾರಿಕೆ ತರಬೇತಿ ಅವನ ಕೈಗೆ ಹೆಚ್ಚು ಕೊಡುತ್ತದೆ. ಹೀಗಂದಾಗ ಅಪ್ಪ-ಅಮ್ಮಂದಿರ ಮುಖ ಸಣ್ಣದಾಗುತ್ತದೆ, ಗೊತ್ತು. ಆದರೂ ಲೆಕ್ಕ ನೋಡೋಣ.

ಅಳೆಯುವುದು ಯಾವುದರಿಂದ?

ಮೊದಲ ಅಳತೆ, ಓದು ಮುಗಿದ ಮೇಲೆ ಹುಡುಗ ಅಥವಾ ಹುಡುಗಿ ಎಲ್ಲಿ ನಿಲ್ಲುತ್ತಾರೆ ಅನ್ನೋದು. ಗದ್ದೆಯಲ್ಲಾ, ಅಂಗಡಿಯ ಗಲ್ಲಾದ ಹಿಂದಾ, ರೈತ ಸಂಪರ್ಕ ಕೇಂದ್ರದ ಕುರ್ಚಿಯಲ್ಲಾ, ಬ್ಯಾಂಕಿನಲ್ಲಾ, ಇಲ್ಲಾ ಕಾರ್ಖಾನೆಯಲ್ಲಾ? ಇದಕ್ಕೆ ಪ್ರಾಮಾಣಿಕ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಬಹಳ ಮನೆಗಳಲ್ಲಿ ಈ ಪ್ರಶ್ನೆಯನ್ನು ಮಕ್ಕಳಿಗೆ ಕೇಳಿಯೇ ಇರುವುದಿಲ್ಲ.

ಎರಡನೆಯದು ಖರ್ಚು. ಶುಲ್ಕ ಅದರಲ್ಲಿ ಒಂದು ಭಾಗ ಅಷ್ಟೇ. ಹಾಸ್ಟೆಲ್ಲು, ಊಟ, ಪುಸ್ತಕ, ಓಡಾಟ ಸೇರಿಸಿ. ಅದರ ಜೊತೆಗೆ ಮನೆಯಲ್ಲಿ ಕಮ್ಮಿಯಾಗುವ ಕೈ. ನಾಟಿ ಸಮಯದಲ್ಲಿ, ಕಬ್ಬು ಕಡಿಯುವಾಗ, ಬೆಳಗ್ಗೆ ಹಾಲು ಕರೆಯುವಾಗ ಆ ಕೈ ಇಲ್ಲದಿದ್ದರೆ ಕೂಲಿ ಕೊಟ್ಟು ಇನ್ನೊಬ್ಬರನ್ನು ಕರೆಯಬೇಕು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು, ದುಡ್ಡು ಬರುವ ಹೊತ್ತು. ಕಬ್ಬಿನ ಮನೆಗೆ ವರ್ಷಕ್ಕೊಂದು ಸಲ ದೊಡ್ಡ ದುಡ್ಡು ಬರುತ್ತದೆ, ಅದೂ ಕಾರ್ಖಾನೆ ಬಟವಾಡೆ ಮಾಡಿದಾಗ. ಹಾಲಿನ ಮನೆಗೆ, ರೇಷ್ಮೆ ಮನೆಗೆ ಆಗಾಗ ಕೈಗೆ ಕಾಸು ಬರುತ್ತದೆ. ಸೆಮಿಸ್ಟರ್ ಶುಲ್ಕ ಕಟ್ಟುವ ತಿಂಗಳು ಈ ಲೆಕ್ಕಕ್ಕೆ ಹೊಂದುತ್ತದಾ, ನೋಡಿಕೊಳ್ಳಿ.

ಮೂರನೆಯದು ಮಣ್ಣಿನಲ್ಲಿ ಕಳೆಯುವ ಸಮಯ. ನಾಲ್ಕನೆಯದು ಭಾಷೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು ಓದಿದವನಿಗೆ ಕೀಟಶಾಸ್ತ್ರ, ಸಸ್ಯ ತಳಿಶಾಸ್ತ್ರ ಎಲ್ಲ ಇಂಗ್ಲಿಷಿನಲ್ಲಿ ಬಂದಾಗ ಮೊದಲ ವರ್ಷ ಉಸಿರು ಕಟ್ಟುತ್ತದೆ. ಆಮೇಲೆ ಅಭ್ಯಾಸ ಆಗುತ್ತದೆ, ಆದರೆ ಆ ಒಂದು ವರ್ಷಕ್ಕೆ ಗಟ್ಟಿ ಮನಸ್ಸು ಬೇಕು.

ಕೊನೆಯದು ಮಾನ್ಯತೆ. ಕೃಷಿ ಪದವಿಗೆ ಐಸಿಎಆರ್, ಅಂದರೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮಾನ್ಯತೆ ಇದೆಯಾ ಅನ್ನೋದು ಮುಖ್ಯ. ಖಾಸಗಿಯವರು ಹೊಳೆಯುವ ಬ್ರೋಷರ್ ಕೊಡುತ್ತಾರೆ, ಲ್ಯಾಬ್ ತೋರಿಸುತ್ತಾರೆ, ಎಸಿ ಹಾಲ್ ತೋರಿಸುತ್ತಾರೆ. ನೀವು ಕೇಳಬೇಕಾದ್ದು ಎರಡೇ: ಐಸಿಎಆರ್ ಮಾನ್ಯತೆ ಯಾವ ವರ್ಷದವರೆಗಿದೆ, ಪ್ರಾಕ್ಟಿಕಲ್‌ಗೆ ಜಮೀನು ಎಷ್ಟು ಎಕರೆ ಇದೆ. ಮಾನ್ಯತೆ ಇಲ್ಲದ ಕಡೆ ಓದಿದರೆ ಮುಂದೆ ಎಂಎಸ್ಸಿಗೆ, ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವಾಗ ತೊಡಕು ಬರಬಹುದು.

ಬಿಎಸ್ಸಿ ಅಗ್ರಿ: ನಾಲ್ಕು ವರ್ಷದ ದಾರಿ

ನಮ್ಮ ಕಡೆಯವರಿಗೆ ಹತ್ತಿರದ್ದು ಮಂಡ್ಯದ ವಿ.ಸಿ. ಫಾರಂ. ಹಿಂದೆ ಇರ್ವಿನ್ ನಾಲೆ ಅಂತ ಕರೆಯುತ್ತಿದ್ದ, ಈಗಿನ ವಿಶ್ವೇಶ್ವರಯ್ಯ ನಾಲೆಯ ಹೆಸರೇ ಈ ಫಾರಂಗೂ ಬಂದಿದೆ. ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ ಡಾ. ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಬೀಗತನ ಮಾಡಿಸಿ ಇಂಡಾಫ್ ತಳಿಗಳನ್ನು ತಂದದ್ದು ಇಲ್ಲೇ. ಕೆಆರ್‌ಎಚ್-2, ಕೆಆರ್‌ಎಚ್-4 ಹೈಬ್ರಿಡ್ ಭತ್ತ ಬಂದದ್ದೂ ಇಲ್ಲಿಂದಲೇ. ಕೃಷಿ ಕಾಲೇಜು ಶುರುವಾದದ್ದು 1991ರಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ. ಇಲ್ಲೇ ಸಮಗ್ರ ಕೃಷಿ ವಿಶ್ವವಿದ್ಯಾಲಯ ಮಾಡುವುದಾಗಿ ಸರ್ಕಾರ 2024ರ ಬಜೆಟ್‌ನಲ್ಲಿ ಹೇಳಿತು. ಹಾಗಾಗಿ ಸೇರುವ ವರ್ಷ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ ಅಂತ ಕಾಲೇಜಿನಲ್ಲೇ ಕೇಳಿಕೊಳ್ಳಿ.

ಸೀಟು ಕೊಡುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಸಿಇಟಿ ಮೂಲಕ. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಜೀವಶಾಸ್ತ್ರ ಇರಬೇಕು. ಇದರ ಜೊತೆಗೆ ಒಂದಷ್ಟು ಸೀಟುಗಳನ್ನು ದೇಶಕ್ಕೆಲ್ಲ ಒಂದೇ ಆದ ಸಿಯುಇಟಿ ಪ್ರವೇಶ ಪರೀಕ್ಷೆಯ ಮೂಲಕ ಐಸಿಎಆರ್ ಅಖಿಲ ಭಾರತ ಮಟ್ಟದಲ್ಲಿ ತುಂಬುತ್ತದೆ. ನಮ್ಮ ಮಕ್ಕಳು ಈ ದಾರಿಯನ್ನು ನೋಡುವುದೇ ಕಮ್ಮಿ.

ರೈತರ ಮಕ್ಕಳಿಗೆ ಕೃಷಿಕ ಕೋಟಾ ಇದೆ. ಮೊದಲು ಶೇ. 40 ಇದ್ದದ್ದನ್ನು 2021ರಲ್ಲಿ ಶೇ. 50ಕ್ಕೆ ಏರಿಸಿದರು. ಈ ಕೋಟಾ ಬೇಕೆನ್ನುವವರು ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಕಾಳು, ಬೀಜ, ಗೊಬ್ಬರ, ಉಪಕರಣ, ಕಳೆ ಇಂಥವನ್ನು ಮುಂದಿಡುತ್ತಾರೆ. ನೋಡಿ ಗುರುತಿಸಬೇಕು. ಇಲ್ಲೇ ಒಂದು ತಮಾಷೆ ನಡೆಯುತ್ತದೆ. ಹುಟ್ಟಿದ್ದು ರೈತನ ಮನೆಯಲ್ಲೇ, ಆದರೆ ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದ ಹುಡುಗ ಎಳ್ಳು ಯಾವುದು, ಹುಚ್ಚೆಳ್ಳು ಯಾವುದು ಅಂತ ಕಣ್ಣು ಕಣ್ಣು ಬಿಡುತ್ತಾನೆ. ಯೂರಿಯಾ ಗೊತ್ತು, ಪೊಟ್ಯಾಷ್ ಕೈಯಲ್ಲಿ ಮುಟ್ಟಿಲ್ಲ. ಕುಂಟೆಗೂ ಹಲುಬೆಗೂ ವ್ಯತ್ಯಾಸ ಗೊತ್ತಿಲ್ಲ. ಕೋಚಿಂಗ್ ಸೆಂಟರಿನ ಪಿಡಿಎಫ್ ನೋಡಿ ಉರು ಹೊಡೆಯುವುದಕ್ಕಿಂತ, ಪರೀಕ್ಷೆಗೆ ಮುಂಚೆ ಒಂದು ವಾರ ಅಜ್ಜನ ಜೊತೆ ಹೊಲ ಸುತ್ತಿಸಿ, ಒಂದು ಮಧ್ಯಾಹ್ನ ಊರಿನ ಗೊಬ್ಬರದ ಅಂಗಡಿಯಲ್ಲಿ ಕೂರಿಸಿ. ಖರ್ಚಿಲ್ಲದ ಕೋಚಿಂಗ್.

ಓದು ಎಂಟು ಸೆಮಿಸ್ಟರ್. ಬೇಸಾಯಶಾಸ್ತ್ರ, ಮಣ್ಣು, ಕೀಟ, ರೋಗ, ತಳಿ ಅಭಿವೃದ್ಧಿ, ಅರ್ಥಶಾಸ್ತ್ರ, ವಿಸ್ತರಣೆ, ಸ್ವಲ್ಪ ತೋಟಗಾರಿಕೆ, ಸ್ವಲ್ಪ ಯಂತ್ರ ಎಲ್ಲ ಇರುತ್ತದೆ. ಅಗಲ ಜಾಸ್ತಿ, ಆಳ ಕಮ್ಮಿ. ಇದನ್ನು ಕೊರತೆ ಅನ್ನಲಾರೆ. ಅಧಿಕಾರಿ ಆಗುವವನಿಗೆ ಎಲ್ಲದರ ಪರಿಚಯ ಬೇಕು, ಅಲ್ವಾ? ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ಇದ್ದು ಕಲಿಯುವ ಭಾಗವೊಂದಿದೆ, ಎಲ್ಲರೂ ರಾವೆ ಅಂತ ಕರೆಯುತ್ತಾರೆ. ನಿಮ್ಮೂರಿಗೂ ಬಂದಿರಬಹುದು. ದೇವಸ್ಥಾನದ ಮುಂದಿನ ಜಾಗ ಗುಡಿಸಿ, ಬಣ್ಣದ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ. ಕೆರೆಗೆ ನೀಲಿ, ಗದ್ದೆಗೆ ಹಸಿರು, ರಸ್ತೆಗೆ ಕೆಂಪು. ಸುತ್ತ ನಿಂತ ಹೆಂಗಸರು "ನಮ್ಮ ಬೋರ್‌ವೆಲ್ ಆ ಕಡೆ ಅಲ್ಲ ಕಣವ್ವ, ಈ ಕಡೆ" ಅಂತ ತಿದ್ದುತ್ತಾರೆ. ನಾಲ್ಕು ವರ್ಷದಲ್ಲಿ ಆ ಮಕ್ಕಳು ಅತಿ ಹೆಚ್ಚು ಕಲಿಯುವುದು ಈ ತಿಂಗಳುಗಳಲ್ಲೇ ಅಂತ ನನ್ನ ನಂಬಿಕೆ. ಹಾಗಾಗಿ ಯಾವುದೇ ಕಾಲೇಜು ನೋಡಲು ಹೋದರೂ ಕೊನೆಯ ವರ್ಷದವರನ್ನು ಹಿಡಿದು "ರಾವೆಗೆ ಎಲ್ಲಿ ಇದ್ರಿ, ಏನು ಮಾಡಿದ್ರಿ" ಅಂತ ಕೇಳಿ. ಉತ್ತರ ಕೊಡುವಾಗ ಮುಖ ಅರಳಿದರೆ ಆ ಕಾಲೇಜು ಪರವಾಗಿಲ್ಲ. "ಸುಮ್ನೆ ರಿಪೋರ್ಟ್ ಬರೆದು ಕೊಟ್ವಿ" ಅಂದರೆ ಯೋಚಿಸಿ.

ಮುಂದೆ ಏನು? 2024ರಲ್ಲಿ ಕೆಪಿಎಸ್‌ಸಿ ಕೃಷಿ ಇಲಾಖೆಗೆ 945 ಹುದ್ದೆ ಕರೆಯಿತು. ಅದರಲ್ಲಿ ಕೃಷಿ ಅಧಿಕಾರಿ 128, ಸಹಾಯಕ ಕೃಷಿ ಅಧಿಕಾರಿ 817. ಎರಡಕ್ಕೂ ಪದವಿ ಬೇಕು, ದೊಡ್ಡ ಪಾಲು ಬಿಎಸ್ಸಿ ಅಗ್ರಿಯವರಿಗೇ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೂ ನಾಲ್ಕು ವರ್ಷದ ಪದವಿ ಕೇಳುತ್ತಾರೆ. ಬೀಜ, ಔಷಧಿ ಕಂಪನಿಗಳಲ್ಲಿ ಬೇಗ ಕೆಲಸ ಸಿಗುತ್ತದೆ, ಆದರೆ ಬೈಕ್ ಮೇಲಿನ ಜೀವನ, ತಿಂಗಳ ಟಾರ್ಗೆಟ್. ಸರ್ಕಾರಿ ಹುದ್ದೆ ಪ್ರತಿ ವರ್ಷ ಕರೆಯುವುದಿಲ್ಲ. ಪದವಿ ಮುಗಿಸಿ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ವರ್ಷಗಟ್ಟಲೆ ಓದುತ್ತಾ ಕೂತವರು ಎಷ್ಟೋ ಜನ. ಆ ವರ್ಷಗಳ ಖರ್ಚನ್ನೂ ಪದವಿಯ ಖರ್ಚಿಗೆ ಸೇರಿಸಬೇಕು.

ಸ್ವಂತ ಉದ್ಯೋಗದ ಮನಸ್ಸಿದ್ದರೆ ಪದವಿ ಆದ ಮೇಲೆ ಇನ್ನೊಂದು ಬಾಗಿಲಿದೆ. ಅಗ್ರಿ ಕ್ಲಿನಿಕ್ ಯೋಜನೆ 2002ರಿಂದ ನಡೆಯುತ್ತಿದೆ. 45 ದಿನದ ತರಬೇತಿ, ಆಮೇಲೆ ಬ್ಯಾಂಕ್ ಸಾಲಕ್ಕೆ ಸಬ್ಸಿಡಿ. ಸಾಮಾನ್ಯ ವರ್ಗಕ್ಕೆ ಶೇ. 36, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 44. ಮಣ್ಣು ಪರೀಕ್ಷೆ, ನರ್ಸರಿ, ಯಂತ್ರ ಬಾಡಿಗೆ, ಹೀಗೆ ಏನಾದರೂ ಶುರು ಮಾಡುವವರಿಗೆ ಉಪಯೋಗ. ಕೃಷಿ ಡಿಪ್ಲೊಮಾದವರಿಗೂ ಇದರಲ್ಲಿ ಅವಕಾಶ ಇದೆ.

ಇನ್ನು, ಮಂಡ್ಯ ಬೇಕಾ ಜಿಕೆವಿಕೆ ಬೇಕಾ ಅನ್ನೋ ಪ್ರಶ್ನೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮುಖ್ಯ ಆವರಣವಾದ ಜಿಕೆವಿಕೆಗೆ ಹೆಸರು ದೊಡ್ಡದು, ಲೈಬ್ರರಿ ದೊಡ್ಡದು, ಎಂಎಸ್ಸಿ ಮಾಡುವ ಸೀನಿಯರ್‌ಗಳ ಸಹವಾಸ ಸಿಗುತ್ತದೆ. ಮುಂದೆ ಸಂಶೋಧನೆಗೆ ಹೋಗುವ ಹುಡುಗಿಗೆ ಅದು ಒಳ್ಳೆಯದು. ಆದರೆ ಅಲ್ಲಿಯ ಹೊಲ ಮಳೆಯಾಶ್ರಿತ ಕೆಂಪು ಮಣ್ಣು. ನಿಮ್ಮದು ಭತ್ತ, ಕಬ್ಬಿನ ನೀರಾವರಿ ಬದುಕಾದರೆ ಕಣ್ಣೆದುರು ಅದೇ ಬೆಳೆ ನೋಡುತ್ತಾ ಓದಲು ವಿ.ಸಿ. ಫಾರಂ ಸರಿ. ಚಾಮರಾಜನಗರದಲ್ಲೂ ಹಾಸನದಲ್ಲೂ ಕೃಷಿ ಕಾಲೇಜುಗಳಿವೆ. ಆಪ್ಷನ್ ಎಂಟ್ರಿ ಮಾಡುವಾಗ ಊರಿಗೆ ಹತ್ತಿರ ಅಂತ ಮಾತ್ರ ನೋಡಬೇಡಿ, ಹತ್ತಿರ ಅಂತ ಕೀಳಾಗಿಯೂ ಕಾಣಬೇಡಿ.

ನಡುವೆ ಬಿಡಬೇಕಾಗಿ ಬಂದರೆ? ಐಸಿಎಆರ್‌ನ ಆರನೇ ಡೀನ್‌ಗಳ ಸಮಿತಿಯ ಹೊಸ ಪಠ್ಯಕ್ರಮದಲ್ಲಿ ಒಂದು ವರ್ಷ ಮುಗಿಸಿ ಹೊರಬಂದರೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ ಅಂತ ಇದೆ, ಎರಡಕ್ಕೂ ಹತ್ತು ವಾರದ ಇಂಟರ್ನ್‌ಶಿಪ್ ಮುಗಿಸಬೇಕು. ಮನೆಯ ಪರಿಸ್ಥಿತಿ ಗ್ಯಾರಂಟಿ ಇಲ್ಲದವರಿಗೆ ಇದು ಸಣ್ಣ ಧೈರ್ಯ.

ಅಗ್ರಿಯ ಅಣ್ಣತಮ್ಮಂದಿರು

ಸಿಇಟಿಯಲ್ಲಿ ಅಗ್ರಿ ಸಿಗಲಿಲ್ಲ, ತೋಟಗಾರಿಕೆ ಸಿಕ್ಕಿತು ಅಂತ ಸಪ್ಪೆ ಮುಖ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೈಸೂರಿನ ಇಲವಾಲದ ಕಡೆ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜಿದೆ. ಬಾಳೆ, ತೆಂಗು, ತರಕಾರಿ, ಹೂವು ಇರುವ ಮನೆಗೆ, ಅದರಲ್ಲೂ ಮೈಸೂರು ಪೇಟೆಗೆ ಹತ್ತಿರದ ಮನೆಗೆ, ಬಿಎಸ್ಸಿ ತೋಟಗಾರಿಕೆ ಅಗ್ರಿಗಿಂತ ಹೆಚ್ಚು ಕೈಹಿಡಿಯುತ್ತದೆ. ಕಸಿ ಕಟ್ಟುವುದು, ಪಾಲಿಹೌಸು, ನರ್ಸರಿ, ಕೊಯ್ಲಿನ ನಂತರದ ಸಂಗ್ರಹಣೆ, ಇವೆಲ್ಲ ನೇರವಾಗಿ ಕಾಸು ಮಾಡುವ ಕೆಲಸಗಳು. ಸರ್ಕಾರಿ ಹುದ್ದೆಯ ಮಟ್ಟಿಗೆ ಬಾಗಿಲು ಚಿಕ್ಕದು. ತೋಟಗಾರಿಕೆ ಇಲಾಖೆ ಕೃಷಿ ಇಲಾಖೆಯಷ್ಟು ದೊಡ್ಡದಲ್ಲ. ಬ್ಯಾಂಕಿನ ಕೃಷಿ ಹುದ್ದೆಗೆ ಮಾತ್ರ ಇವರೂ ಅರ್ಹರು.

ರೇಷ್ಮೆ ಬೇರೆಯೇ ಲೋಕ. ಬಿಎಸ್ಸಿ ರೇಷ್ಮೆಗೆ ಚಿಂತಾಮಣಿಗೆ ಹೋಗಬೇಕು. ಆದರೆ ಮೈಸೂರಿನಲ್ಲೇ, ಮಾನಂದವಾಡಿ ರಸ್ತೆಯಲ್ಲಿ, ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಇದೆ. ನಮ್ಮ ತೋಟಗಳಲ್ಲಿರುವ ವಿ-1 ಹಿಪ್ಪುನೇರಳೆ ಅಲ್ಲಿಂದಲೇ ಬಂದದ್ದು. ಬೇರೆ ಬಿಎಸ್ಸಿ ಮಾಡಿದವರಿಗೆ ಅಲ್ಲಿ ರೇಷ್ಮೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ, ರೈತರಿಗೆ ಚಿಕ್ಕ ತರಬೇತಿಗಳೂ ಇವೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ರೇಷ್ಮೆ ವಿಜ್ಞಾನದ ಎಂಎಸ್ಸಿ ಕೂಡ ಇದೆ. ಅಂದರೆ ಅಗ್ರಿ ಸೀಟು ತಪ್ಪಿ ಸಾದಾ ಬಿಎಸ್ಸಿ ಸೇರಿದವರಿಗೂ ಮೂರು ವರ್ಷ ಬಿಟ್ಟು ಈ ಕಡೆ ತಿರುಗಲು ದಾರಿ ಇದೆ.

ಹಾಗೆಯೇ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ. 1950ರಿಂದ ಮೈಸೂರಿನ ಚೆಲುವಾಂಬ ಮಹಲಿನಲ್ಲಿದೆ. ಅಲ್ಲಿಯ ಆಹಾರ ತಂತ್ರಜ್ಞಾನದ ಎಂಎಸ್ಸಿಗೆ ದೇಶದ ಎಲ್ಲ ಕಡೆಯಿಂದ ಬರುತ್ತಾರೆ, ಪೈಪೋಟಿ ಜೋರು. ನಮ್ಮಂಥವರಿಗೆ ಅಲ್ಲಿಯ ಚಿಕ್ಕ ಅವಧಿಯ ತರಬೇತಿಗಳೇ ಹೆಚ್ಚು ಉಪಯೋಗ. ಆಲೆಮನೆ ಇಟ್ಟುಕೊಂಡವರು, ರಾಗಿ ಹಿಟ್ಟು, ಮಾಲ್ಟ್ ಮಾಡಿ ಮಾರುವ ಸ್ತ್ರೀಶಕ್ತಿ ಸಂಘದವರು ಒಮ್ಮೆ ವಿಚಾರಿಸಬೇಕು. ಪುಕ್ಕಟೆ ಅಲ್ಲ, ಶುಲ್ಕ ಇರುತ್ತದೆ. ಸರಕಿನ ಬಗ್ಗೆ ಗಟ್ಟಿ ಯೋಚನೆ ಇಲ್ಲದೆ ಹೋದರೆ ದುಡ್ಡು ದಂಡ.

ಎರಡು ವರ್ಷದ ಡಿಪ್ಲೊಮಾ

ಇದರ ಬಗ್ಗೆ ಮಾತಾಡುವವರೇ ಕಮ್ಮಿ. ಎಸ್ಸೆಸ್ಸೆಲ್ಸಿ ಆದವರಿಗೆ ಕೃಷಿ ವಿಶ್ವವಿದ್ಯಾಲಯಗಳೇ ನಡೆಸುವ ಕೋರ್ಸು, ಪಾಠ ಕನ್ನಡದಲ್ಲಿ. ವಿ.ಸಿ. ಫಾರಂ ಇಂಥ ಡಿಪ್ಲೊಮಾ ಕಲಿಸುವ ಕೇಂದ್ರಗಳಲ್ಲೊಂದು. ಪದವಿಯ ಪುಸ್ತಕದ ಭಾರ ಇಲ್ಲ, ತಾಕುಗಳಲ್ಲಿ ಕೆಲಸ ಜಾಸ್ತಿ. ಬೀಜೋಪಚಾರ, ಒಟ್ಲು ಬಿಡುವುದು, ಗೊಬ್ಬರದ ಲೆಕ್ಕ, ಸ್ಪ್ರೇಯರ್ ನಾಜಲ್ ಯಾವುದಕ್ಕೆ ಯಾವುದು ಅನ್ನೋದು, ಇಂಥವು. ಹದಿನೆಂಟಕ್ಕೆ ಮುಗಿಸಿ ಮನೆಗೆ ಬಂದರೆ ಅಪ್ಪನ ಜೊತೆ ನಿಂತು ಬೇಸಾಯ ಮಾಡಬಹುದು, ಬೇಕಾದರೆ ಜಗಳ ಆಡಲೂಬಹುದು.

ದುಡ್ಡಿನ ಲೆಕ್ಕದಲ್ಲಿ ಇದಕ್ಕೆ ಸಮ ಇನ್ನೊಂದಿಲ್ಲ. ಎರಡೇ ವರ್ಷ, ಸರ್ಕಾರಿ ಶುಲ್ಕ, ಸಿಇಟಿ ಕೋಚಿಂಗ್ ಇಲ್ಲ. ಹೆಣ್ಣುಮಕ್ಕಳಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸಿದೆ. ಮಂಡ್ಯದ ಸುತ್ತಲಿನ ಹಳ್ಳಿಯವರಿಗೆ ಹಾಸ್ಟೆಲ್ಲೇ ಬೇಕಾಗದಿರಬಹುದು.

ಆದರೆ ಗೋಡೆ ಎಲ್ಲಿದೆ ಅಂತ ಗೊತ್ತಿರಲಿ. ಮೇಲೆ ಹೇಳಿದ ಸಹಾಯಕ ಕೃಷಿ ಅಧಿಕಾರಿ ಹುದ್ದೆಗೆ ಡಿಪ್ಲೊಮಾ ಸಾಲದು. ಪಿಯುಸಿ ವಿಜ್ಞಾನ ಬಿಟ್ಟು ಇದಕ್ಕೆ ಬಂದರೆ ಸಿಇಟಿ ದಾರಿಯೂ ತಪ್ಪುತ್ತದೆ. ಡಿಪ್ಲೊಮಾದವರಿಗೆ ಪದವಿಗೆ ಸೇರಲು ಈ ವರ್ಷ ಎಷ್ಟು ಸೀಟು ಇಟ್ಟಿದ್ದಾರೆ, ಯಾವ ಅಂಕ ಬೇಕು ಅಂತ ಪ್ರವೇಶ ಪ್ರಕಟಣೆಯಲ್ಲಿ ಓದಿ, ಆಮೇಲೆ ಸೇರಿಸಿ. "ಮುಂದೆ ನೋಡ್ಕೊಂಡ್ರಾಯ್ತು" ಅನ್ನುವ ಮಾತು ಇಲ್ಲಿ ಬೇಡ. ಹದಿನಾರು ವರ್ಷದ ಹುಡುಗ ಅಧಿಕಾರಿ ಆಗಬೇಕು ಅಂತ ಕನಸು ಕಾಣುತ್ತಿದ್ದರೆ ಅವನನ್ನು ಡಿಪ್ಲೊಮಾಕ್ಕೆ ತಳ್ಳಬೇಡಿ. ಓದಿನಲ್ಲಿ ಮನಸ್ಸಿಲ್ಲ, ಟ್ರ್ಯಾಕ್ಟರ್ ಮೇಲೆ ಕೂತರೆ ಊಟ ಮರೆಯುತ್ತಾನೆ ಅಂದರೆ ಕಣ್ಣು ಮುಚ್ಚಿ ಸೇರಿಸಿ.

ತಿಂಗಳು, ವಾರ, ದಿನದ ತರಬೇತಿಗಳು

ಮೂವತ್ತು ದಾಟಿದವರು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವರು, ಮದುವೆಯಾಗಿ ಬಂದ ಮನೆಯಲ್ಲಿ ಏನಾದರೂ ಶುರು ಮಾಡಬೇಕು ಅನ್ನುವ ಹೆಂಗಸರು, ಇವರಿಗೆಲ್ಲ ಪದವಿಯ ಮಾತು ಬೇಕಾಗಿಲ್ಲ. ಇವರಿಗೆ ಬೇಕಾದ್ದು ಒಂದು ಕೆಲಸ, ಸರಿಯಾಗಿ.

ರೈತರ ಮಕ್ಕಳಿಗೆ ತೋಟಗಾರಿಕೆ ಇಲಾಖೆ ನಡೆಸುವ ಹತ್ತು ತಿಂಗಳ ತರಬೇತಿ ಬಗ್ಗೆ ಎಷ್ಟೋ ಮನೆಗೆ ಗೊತ್ತೇ ಇಲ್ಲ. ಎಸ್ಸೆಸ್ಸೆಲ್ಸಿ ಸಾಕು, ತಿಂಗಳಿಗೆ ಶಿಷ್ಯವೇತನ ಕೊಡುತ್ತಾರೆ. ಬೇಸಿಗೆಯಲ್ಲಿ ಅರ್ಜಿ ಕರೆಯುತ್ತಾರೆ. ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಮಾರ್ಚ್ ತಿಂಗಳಲ್ಲೇ ಒಂದು ಮಾತು ಕೇಳಿಟ್ಟುಕೊಳ್ಳಿ. ಹತ್ತು ತಿಂಗಳು ಫಾರಂನಲ್ಲೇ ಇದ್ದು ಗುಂಡಿ ತೋಡಿ, ಕಸಿ ಕಟ್ಟಿ, ಸಸಿ ಬೆಳೆಸಿ ಬಂದವನಿಗೆ ಮೈಸೂರು-ಮಂಡ್ಯ ರಸ್ತೆಯ ಯಾವ ನರ್ಸರಿಯವರೂ ಬೇಡ ಅನ್ನುವುದಿಲ್ಲ.

ಕೃಷಿ ವಿಜ್ಞಾನ ಕೇಂದ್ರಗಳು, ಅಂದರೆ ಕೆವಿಕೆಗಳು, ನಮ್ಮ ಭಾಗದಲ್ಲಿ ಎರಡು ಕಡೆ ಇವೆ. ಮಂಡ್ಯಕ್ಕೆ ವಿ.ಸಿ. ಫಾರಂನಲ್ಲಿ, ಮೈಸೂರು ಜಿಲ್ಲೆಗೆ ಜೆಎಸ್‌ಎಸ್ ಸಂಸ್ಥೆಯದು ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ. ಅಣಬೆ, ಜೇನು, ಎರೆಗೊಬ್ಬರ, ಮೇವು, ಕೋಳಿ ಹೀಗೆ ಒಂದರಿಂದ ಐದು ದಿನದವು. ಕೃಷಿ ಇಲಾಖೆಯದೇ ಜಿಲ್ಲಾ ಕೃಷಿ ತರಬೇತಿ ಕೇಂದ್ರಗಳು ಮೈಸೂರಿನ ನಾಗನಹಳ್ಳಿಯಲ್ಲೂ ವಿ.ಸಿ. ಫಾರಂನಲ್ಲೂ ಇವೆ. ಇವೆಲ್ಲ ಹೆಚ್ಚಾಗಿ ಉಚಿತ. ಉಚಿತ ಅನ್ನೋದೇ ಇದರ ತೊಂದರೆ ಕೂಡ. ಹಾಜರಿ ಹಾಕಿ, ಊಟ ಮಾಡಿ, ಬ್ಯಾಗು ಪೆನ್ನು ತಗೊಂಡು ಬರುವವರು ಜಾಸ್ತಿ. ಹೋಗುವ ಮುಂಚೆ ನಿಮ್ಮ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ; ರೋಗ ಬಂದ ಎಲೆ, ಕಾಂಡ ಕವರಿನಲ್ಲಿ ಹಾಕಿಕೊಂಡು ಹೋಗಿ. ವಿಜ್ಞಾನಿಗಳಿಗೂ ಖುಷಿಯಾಗುತ್ತದೆ, ನಂಬರ್ ಕೊಡುತ್ತಾರೆ. ತರಬೇತಿಯ ಅರ್ಧ ಬೆಲೆ ಆ ನಂಬರ್‌ನಲ್ಲೇ ಇದೆ.

ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ಮೈಸೂರಿನ ರುಡ್‌ಸೆಟ್ ಸಂಸ್ಥೆಯಂಥ ಕಡೆ ಹೈನುಗಾರಿಕೆ, ಕುರಿ, ಅಣಬೆ ತರಬೇತಿ ಊಟ-ವಸತಿ ಸಮೇತ ಉಚಿತ. ಅಲ್ಲಿಯ ವಿಶೇಷ ಅಂದರೆ ಬ್ಯಾಂಕ್ ಸಾಲಕ್ಕೆ ಅರ್ಜಿ, ಯೋಜನಾ ವರದಿ ಬರೆಯುವುದನ್ನೂ ಹೇಳಿಕೊಡುತ್ತಾರೆ. ಹಸು ಸಾಕುವುದು ನಮ್ಮವರಿಗೆ ಗೊತ್ತು, ಬ್ಯಾಂಕ್ ಮ್ಯಾನೇಜರ್ ಮುಂದೆ ಲೆಕ್ಕ ಹೇಳುವುದು ಗೊತ್ತಿಲ್ಲ. ಸಾಲ ತೆಗೆಯುವ ಉದ್ದೇಶ ಇದ್ದರೆ ಕೆವಿಕೆಗಿಂತ ಇದು ಮೇಲು.

ಇನ್ನು ಅಂಗಡಿಯವರು. ಕೀಟನಾಶಕ ಮಾರುವ ಪರವಾನಗಿಗೆ ಓದಿನ ಅರ್ಹತೆ ಕೇಳುವಂತಾದ ಮೇಲೆ ಹಳೆಯ ವ್ಯಾಪಾರಿಗಳಿಗೆ ಡೇಸಿ ಅನ್ನುವ ಡಿಪ್ಲೊಮಾ ದಾರಿಯಾಗಿದೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ರೂಪಿಸಿದ್ದು. 48 ವಾರ, ವಾರಕ್ಕೊಂದು ದಿನ ಮಾತ್ರ. 40 ದಿನ ತರಗತಿ, 8 ದಿನ ಹೊಲ ಭೇಟಿ. ಅಂಗಡಿ ಮುಚ್ಚಬೇಕಾಗಿಲ್ಲ. ಆದರೆ ಅಂಗಡಿಯನ್ನು ಮಗ ಮುಂದುವರಿಸುತ್ತಾನೆ ಅನ್ನುವ ಹಾಗಿದ್ದರೆ, ಅವನಿಗೆ ಡೇಸಿಗಿಂತ ಕೃಷಿ ಡಿಪ್ಲೊಮಾ ಅಥವಾ ಪದವಿ ಕೊಡಿಸುವುದು ಲೇಸು. ರೈತ ಎಲೆ ಹಿಡಿದುಕೊಂಡು ಬಂದು "ಇದಕ್ಕೇನು ಹೊಡೀಬೇಕು" ಅಂದಾಗ, ಏನೂ ಹೊಡೆಯೋದು ಬೇಡ ಅಂತ ಹೇಳುವ ಧೈರ್ಯ ಓದಿದವನಿಗೇ ಬರುವುದು.

ದೂರ ಶಿಕ್ಷಣವೂ ಇದೆ. ಇಗ್ನೋದಲ್ಲಿ ಸಾವಯವ ಕೃಷಿ, ರೇಷ್ಮೆ ಸರ್ಟಿಫಿಕೇಟುಗಳಿವೆ, ಆದರೆ ಪಾಠ ಇಂಗ್ಲಿಷು-ಹಿಂದಿಯಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ದೂರ ಶಿಕ್ಷಣ ಘಟಕದಲ್ಲಿ ಕನ್ನಡದ್ದು ಸಿಗುತ್ತದೆ. ಕೆಲಸದಲ್ಲಿದ್ದು ಊರಿನ ಜಮೀನಿನ ಮೇಲೆ ಕಣ್ಣಿಟ್ಟವರಿಗೆ ಪರವಾಗಿಲ್ಲ. ಕೈಕೆಲಸ ಮಾತ್ರ ಪುಸ್ತಕದಿಂದ ಬರುವುದಿಲ್ಲ.

ಮನೆ ನೋಡಿ ಹೇಳುವುದಾದರೆ

ಎಂಟು ಎಕರೆ ನಾಲೆ ಜಮೀನಿದ್ದು ಮಗನಿಗೂ ಇಷ್ಟ ಇದ್ದರೆ ನಾನು ಡಿಪ್ಲೊಮಾ ಅನ್ನುತ್ತೇನೆ. ಅಂಕ ಚೆನ್ನಾಗಿದ್ದು ಪದವಿ ಸೀಟೇ ಸಿಕ್ಕಿದರೆ ಬಿಡಬೇಡಿ, ಆದರೆ ನಾಲ್ಕು ವರ್ಷವೂ ಸುಗ್ಗಿ ಸಮಯದಲ್ಲಿ ಮನೆಗೆ ಕರೆಸಿ ಲೆಕ್ಕದ ಪುಸ್ತಕ ಅವನ ಕೈಗೆ ಕೊಡಿ. ಎರಡು ಎಕರೆ, ಸಾಲ, ಓದಿನಲ್ಲಿ ಮುಂದಿರುವ ಮಗಳು ಅಂದರೆ ಬಿಎಸ್ಸಿ ಅಗ್ರಿ, ಅದೂ ಸರ್ಕಾರಿ ಕಾಲೇಜಿನಲ್ಲೇ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಇದೆ; ಕೋರ್ಸಿನ ಪ್ರಕಾರ ವರ್ಷಕ್ಕೆ 2,500ರಿಂದ 11,000 ರೂಪಾಯಿವರೆಗೆ, ಹೆಣ್ಣುಮಕ್ಕಳಿಗೆ ಸ್ವಲ್ಪ ಜಾಸ್ತಿ. ಅದರಿಂದ ಪೂರ್ತಿ ಖರ್ಚು ಹೋಗುವುದಿಲ್ಲ, ಹಾಸ್ಟೆಲ್ ಅಡ್ವಾನ್ಸಿಗೆ ಆದೀತು.

ಸರ್ಕಾರಿ ಸೀಟು ಸಿಗದೆ, ಜಮೀನು ಅಡ ಇಟ್ಟು ಲಕ್ಷಗಟ್ಟಲೆ ಕೊಟ್ಟು ದೂರದ ಖಾಸಗಿ ಕಾಲೇಜಿಗೆ ಸೇರಿಸಬೇಕಾ ಅಂತ ಕೇಳುತ್ತಾರೆ. ಬೇಡ. ಕೃಷಿ ಓದಿಸಲು ಕೃಷಿ ಭೂಮಿ ಅಡ ಇಡುವುದರಲ್ಲಿ ಅರ್ಥ ಇಲ್ಲ. ಆ ವರ್ಷ ತೋಟಗಾರಿಕೆಯೋ, ಸಾದಾ ಬಿಎಸ್ಸಿಯೋ ತಗೊಂಡು ಮುಂದೆ ರೇಷ್ಮೆಗೋ ಆಹಾರ ತಂತ್ರಜ್ಞಾನಕ್ಕೋ ತಿರುಗಬಹುದು. ಮರುವರ್ಷ ಸಿಇಟಿ ಮತ್ತೆ ಬರೆಯುವುದಾದರೆ ಮನೆಯಲ್ಲೇ ಕೂತು ಬರೆಯಲಿ, ಜೊತೆಗೆ ಹೊಲವನ್ನೂ ನೋಡಲಿ.

ಜಮೀನಿಲ್ಲದವರು ಕೃಷಿ ಓದಬಾರದು ಅಂತಿಲ್ಲ. ಕೃಷಿಕ ಕೋಟಾ ಸಿಗದಿರಬಹುದು, ಅಷ್ಟೇ. ಸಾಮಾನ್ಯ ರ‍್ಯಾಂಕಿನಲ್ಲಿ ಬಂದ ಪೇಟೆಯ ಮಕ್ಕಳು ಬಹಳ ಚೆನ್ನಾಗಿ ಮಾಡುತ್ತಾರೆ, ಬ್ಯಾಂಕಿಗೆ, ಸಂಶೋಧನೆಗೆ ಹೋಗುತ್ತಾರೆ.

ಕಾಲೇಜು ನೋಡಲು ಹೋದಾಗ ಆಫೀಸಿನಿಂದ ಶುರು ಮಾಡಬೇಡಿ. ಮೊದಲು ತಾಕುಗಳ ಕಡೆ ನಡೆಯಿರಿ. ಬೋರ್ಡಿನ ಮೇಲೆ ಬಿತ್ತನೆ ತಾರೀಕು ಈ ವರ್ಷದ್ದಾ, ಬೆಳೆ ಮಧ್ಯೆ ಕೆಲಸ ಮಾಡುತ್ತಿರುವವರು ಕೂಲಿಯವರು ಮಾತ್ರನಾ, ಹುಡುಗರೂ ಇದ್ದಾರಾ ನೋಡಿ. ಆಮೇಲೆ ಹಾಸ್ಟೆಲ್ ಊಟ, ನೀರು. ಕೊನೆಗೆ ಆಫೀಸು.

ಕೃಷಿಕ ಕೋಟಾ ಬೇಕಾದವರು ಸಿಇಟಿ ಅರ್ಜಿ ತುಂಬುವಾಗಲೇ ಅದನ್ನು ಗುರುತು ಮಾಡಬೇಕು, ಫಲಿತಾಂಶ ಬಂದ ಮೇಲೆ ಕೇಳಿದರೆ ಆಗುವುದಿಲ್ಲ. ಅರ್ಜಿ ಕರೆಯುವುದು ಪಿಯುಸಿ ಪರೀಕ್ಷೆಗೂ ಮುಂಚೆ, ಮಕ್ಕಳು ಓದಿನ ಗಡಿಬಿಡಿಯಲ್ಲಿರುವಾಗ. ಪಹಣಿ, ಆದಾಯ, ಕೃಷಿಕ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಡಿಸೆಂಬರ್‌ನಲ್ಲೇ ಮಾಡಿಸಿಟ್ಟುಕೊಳ್ಳಿ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಅದಕ್ಕಿಂತಲೂ ಮುಂಚೆ ಗ್ರಾಮ ಆಡಳಿತಾಧಿಕಾರಿಯನ್ನು ಕಂಡು ಬನ್ನಿ.